ಮೂರು ಭಾನುವಾರ ಕೇಳಿದ ಹೆಸರು

ಕಾಲಿಟನ್, ಡೆವನ್
೧೮೪೭, ಏಪ್ರಿಲ್ ೧೯

ನನ್ನ ಮುದ್ದು ಥಾಮಸಿನ್‌ಗೆ,

ನಿನ್ನ ಅಮ್ಮನ ಆಶೀರ್ವಾದಗಳು. ಹದಿಮೂರು ವರ್ಷ ತಡವಾಗಿ ಈ ಕಾಗದ ನಿನ್ನ ಕೈಸೇರುತ್ತಿದೆ, ಕ್ಷಮಿಸು. ಹಿಂದೆ ಬರೆದವೆಲ್ಲ ನಿನ್ನಪ್ಪನ ಕೈಗೆ ಸಿಕ್ಕಿ ಕುಲುಮೆ ಸೇರಿದವಂತೆ. ಇದನ್ನು ನಿಮ್ಮೂರ ಚರ್ಚು ಗುಡಿಸುವ ಎಲ್ಸಿ ಬುಟ್ಟಿಯಲ್ಲಿ ಮುಚ್ಚಿಟ್ಟು ತರುತ್ತಾಳೆ.

ಮೀನುಗಾರ ಏಬೆಲ್ ಜೊತೆ ನಿನ್ನ ಮದುವೆಯೆಂದು ತಿಳಿದಾಗ ಹೆಣೆಯುತ್ತಿದ್ದ ಲೇಸಿನ ಎಳೆ ತಪ್ಪಿತು. ಮದುವೆಗೆ ಮುಂಚೆ ಮೂರು ಭಾನುವಾರ ಪಾದ್ರಿಗಳು ಹೆಸರು ಕೂಗುತ್ತಾರಲ್ಲ, ಆಗ ನಿನ್ನನ್ನು ಕಣ್ತುಂಬ ನೋಡೋಣವೆಂದು ಎಂಟು ಮೈಲಿ ನಡೆದು ಬಂದು ಹಿಂದಿನ ಬೆಂಚಿನಲ್ಲಿ ಕೂತೆ. ನೀನಿರಲಿಲ್ಲ. ಎಲ್ಸಿ ನಕ್ಕಳು.

"ತನ್ನ ಹೆಸರು ಕೂಗೋದನ್ನ ಮದುಮಗಳು ಕೇಳಿಸ್ಕೊಂಡ್ರೆ ಹುಟ್ಟೋ ಮಗು ಮೂಕ ಆಗುತ್ತೆ ಅಂತಾರೆ. ನೀನೂ ಹೆತ್ತೋಳೇ ಅಲ್ವೇನೇ, ಮರೆತುಬಿಟ್ಟೆಯಾ?"

ಮರೆತಿದ್ದೆ. ಆದರೂ ಉಳಿದೆರಡು ಭಾನುವಾರವೂ ಬಂದೆ. ನಿನ್ನ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತು.

ಮನೆಗೇ ಬರಬಹುದಿತ್ತಲ್ಲ ಎನ್ನುತ್ತೀಯ. ಹೊಸಿಲು ದಾಟಿದರೆ ನನ್ನನ್ನು ಕೂಡಿಹಾಕುವ ಹಕ್ಕು ನಿನ್ನಪ್ಪನಿಗಿದೆ. ಅವನ ಏಟು ತಾಳದೆ ಓಡಿಬಂದಾಗ ಆರು ವರ್ಷದ ನಿನ್ನನ್ನು ಹೊತ್ತೇ ತಂದಿದ್ದೆ. ಮೂರನೇ ದಿನ ಅವನು ಕಾನ್‌ಸ್ಟೇಬಲ್ ಜೊತೆ ಬಂದು ಕಿತ್ತುಕೊಂಡು ಹೋದ. ಮ್ಯಾಜಿಸ್ಟ್ರೇಟರ ಮುಂದೆ ಅತ್ತು ಬೇಡಿಕೊಂಡೆ.

"ಮಗು ಅಪ್ಪಂದು ಕಣಮ್ಮ. ಕಾನೂನಿಗೆ ಗಂಡ ಹೆಂಡ್ತಿ ಒಬ್ರೇ. ಆ ಒಬ್ರು ಗಂಡ," ಎಂದರು.

"ಏಟು ಬೀಳೋವಾಗ ಮಾತ್ರ ಇಬ್ರಿದ್ವಲ್ಲ ಸ್ವಾಮಿ," ಎಂದೆ. ಗುಮಾಸ್ತ ನಕ್ಕ. ಮಗು ಸಿಗಲಿಲ್ಲ.

ಏಬೆಲ್ ಒಳ್ಳೆಯವನಂತೆ. ಹಾಗೇ ಇರಲಿ. ಅವನ ಒಳ್ಳೆಯತನ ಬಿಟ್ಟರೆ ನಾಳೆಯಿಂದ ನಿನಗೆ ಬೇರೆ ಕಾನೂನಿಲ್ಲ.

ಇದರೊಡನೆ ನಾನೇ ಹೆಣೆದ, ಮುಂಗೈಗೆ ತೊಡುವ ಲೇಸಿನ ಪಟ್ಟಿ ಒಂದು ಜೊತೆ ಇದೆ. ಹೆಂಡತಿ ದುಡಿದದ್ದೆಲ್ಲ ಗಂಡನದೇ ತಾನೆ? ಹಾಗಾದರೆ ಇದು ನಿನ್ನಪ್ಪನಿಂದ ಕದ್ದ ಮಾಲು. ಧೈರ್ಯವಾಗಿ ತೊಟ್ಟುಕೊ.

ದೇವರು ನಿನ್ನ ಒಲೆಯನ್ನೂ ಅವನ ದೋಣಿಯನ್ನೂ ಕಾಯಲಿ. ಚಳಿಗೆ ಕಿವಿ ಮುಚ್ಚಿಕೊ, ಚಿಕ್ಕಂದಿನಿಂದ ನಿನಗೆ ಕಿವಿನೋವು.

ನಿನ್ನ ಅಮ್ಮ,
ಡಾರ್ಕಸ್

ಮರೆತ ಮಾತು: ಪಾದ್ರಿಗಳು ಊಟಕ್ಕೆ ಹೋದಾಗ ಎಲ್ಸಿ ಮದುವೆಯ ದಫ್ತರ ತೆರೆದು, ನೀನು ರುಜು ಹಾಕಲಿರುವ ಖಾಲಿ ಪುಟ ತೋರಿಸಿದಳು. ಅಪ್ಪನ ಹೆಸರಿಗೆ ಒಂದು ಅಂಕಣ, ಅವನ ಕಸುಬಿಗೆ ಇನ್ನೊಂದು. ಅಮ್ಮನಿಗೆ ಜಾಗವೇ ಇಲ್ಲ ಮಗಳೇ, ಮೂಲೆ ಮೂಲೆ ಹುಡುಕಿದೆ. ರುಜು ಹಾಕುವಾಗ ಕೈಯನ್ನು ತುಸು ತಗ್ಗಿಸು. ಲೇಸು ಆ ಕಾಗದಕ್ಕೆ ತಾಗಲಿ.