ಎಡಗಡೆಯ ಕವರು

ಮನೆಯಿಂದ,
ಸೋಮವಾರ, ಮಾರ್ಚ್ ೧೦

ಪ್ರೀತಿಯ ತಮ್ಮಣ್ಣನಿಗೆ, ಅಕ್ಕನ ನೆನಪುಗಳು.

ಹೇಗಿದ್ದೀಯ? ಹೊಲಿಗೆ ಹಾಕಿದ ಜಾಗ ಈಗಲೂ ಉರಿಯುತ್ತದೆಯೇ? ಇಲ್ಲದ ಪಾದದ ಹೆಬ್ಬೆರಳು ತುರಿಸುತ್ತದೆ, ಎಲ್ಲಿ ಕೆರೆದುಕೊಳ್ಳಲಿ ಎಂದು ಹಿಂದೆ ಕೇಳಿದ್ದೆಯಲ್ಲ, ಅದಕ್ಕೆ ಉತ್ತರ ನನಗೆ ಇನ್ನೂ ಹೊಳೆದಿಲ್ಲ. ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಆಸ್ಪತ್ರೆಯಲ್ಲಿ ನಿನಗೆ ವ್ಯಾಯಾಮ ಮಾಡಿಸುವ ಮೇಡಂ ಜೊತೆ ಮೊನ್ನೆ ಮಾತಾಡಿದೆ. ಹೊಸ ಕಾಲು ಅಳತೆಗೆ ಸರಿಯಾಗಿಯೇ ಬಂದಿದೆಯಂತೆ, ನೀನು ಮಾತ್ರ ಅದನ್ನು ಮಂಚದ ಕೆಳಗೆ ತಳ್ಳಿ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತೀಯಂತೆ. ಬೈಯಲು ಬರೆಯುತ್ತಿಲ್ಲ. ಬೈಯುವ ಕೆಲಸವನ್ನು ಅಮ್ಮನಿಗೆ ಬಿಟ್ಟಿದ್ದೇನೆ, ಅವಳಿಗೆ ಅದರಲ್ಲಿ ಕೈ ಪಳಗಿದೆ. ನಾನು ಹೇಳಬೇಕಾದದ್ದು ನಿನ್ನ ಗಾಡಿಯ, ಆ ಬೈಕಿನ ವಿಷಯ.

ಬಂದರಿನಲ್ಲಿ ಕ್ರೇನಿನ ಸರಪಳಿ ಕಳಚಿ, ಸರಕಿನ ಪೆಟ್ಟಿಗೆ ನಿನ್ನ ಎಡಗಾಲಿನ ಮೇಲೆ ಇಳಿದ ದಿನ, ನಿನ್ನನ್ನು ಆಸ್ಪತ್ರೆಗೆ ಒಯ್ದ ಗಲಾಟೆಯಲ್ಲಿ ಗಾಡಿಯ ನೆನಪು ಯಾರಿಗೂ ಇರಲಿಲ್ಲ. ಅದು ಕೆಲಸಗಾರರ ಗೇಟಿನ ಪಕ್ಕದಲ್ಲೇ, ಮಳೆಗಾಲವಿಡೀ ಉಪ್ಪುಗಾಳಿಗೆ ಮೈಯೊಡ್ಡಿ ನಿಂತಿತ್ತು. ಕಾವಲುಗಾರ ಕನಿಕರಪಟ್ಟು ಪ್ಲಾಸ್ಟಿಕ್ ಹೊದಿಸಿದ್ದ. ಅವನ ಕನಿಕರವೇ ಗಾಡಿಗೆ ಮುಳುವಾಯಿತು, ಒಳಗೆ ಸೇರಿದ ತೇವ ಹೊರಗೆ ಹೋಗಲೇ ಇಲ್ಲ. ಮನೆಗೆ ತಂದು ಹೊದಿಕೆ ತೆಗೆದರೆ, ನೀನು ಮುಖ ನೋಡಿಕೊಂಡು ತಲೆ ಬಾಚುತ್ತಿದ್ದ ಎಂಜಿನ್ ಕವರುಗಳು ಬಿಳಿಚಿಕೊಂಡಿದ್ದವು. ಹೊಳಪಿನ ಪದರದ ಅಡಿಯಲ್ಲಿ ಹುಳು ಹರಿದಂಥ ಗೆರೆಗಳು, ಬೆರಳಿಟ್ಟರೆ ಸುಣ್ಣದಂತೆ ಉದುರುವ ಪುಡಿ. ಅಮ್ಮ ನೋಡಿ ಒಳಗೆ ಹೋಗಿ ಪಾತ್ರೆ ಉಜ್ಜುವ ನಾರು ತಂದಳು. ಸೊಂಟ ಹಿಡಿದುಕೊಳ್ಳುವಷ್ಟು ಹೊತ್ತು ಉಜ್ಜಿದಳು. ಬಿಳಿ ಹೋಗಲಿಲ್ಲ, ಅದರ ಮೇಲೆ ಗೀರುಗಳು ಬಂದವು, ಅಷ್ಟೇ.

ಅಷ್ಟರಲ್ಲಿ ನಿನ್ನ ಸಂದೇಶ ಬಂತು: "ಗಾಡಿ ಮಾರಿಬಿಡಿ, ಇನ್ನು ನನಗ್ಯಾಕೆ." ಅಮ್ಮ ಅದನ್ನು ಎರಡೆರಡು ಸಲ ನನ್ನಿಂದ ಓದಿಸಿದಳು. ಕನ್ನಡಕ ಮೂಗಿನ ಮೇಲೇ ಇತ್ತು, ಆದರೂ ಓದಿಸಿದಳು. ನಿನ್ನ ಮಾತಿನಂತೆ ಹಳೇ ಗಾಡಿ ಕೊಳ್ಳುವ ಒಬ್ಬರಿಗೆ ಹೇಳಿ ಕಳಿಸಿದೆವು. ಆತ ಬಂದು ಬಗ್ಗಿ ನೋಡಿ, "ಎಂಜಿನ್ನಿಗೇ ಹುಳುಕು ಹಿಡಿದಿದೆಯಲ್ರೀ" ಎಂದು ಕೈಯೊರೆಸಿಕೊಂಡು ಹೋದ. ನನಗೆ ಮೈಯೆಲ್ಲ ಉರಿದುಹೋಯಿತು. ಮಾರುವುದಾದರೂ ಮರ್ಯಾದೆಯಾಗಿ ಮಾರೋಣ ಎಂದು ಗಾಡಿ ತಳ್ಳಿಕೊಂಡು ನಮ್ಮ ನಿಧಾನಪ್ಪನವರ ಗ್ಯಾರೇಜಿಗೆ ಹೋದೆ. ನೀನೇ ಇಟ್ಟ ಹೆಸರು, ಈಗ ಬೀದಿಯೆಲ್ಲ ಹಾಗೇ ಕರೆಯುತ್ತದೆ. ಅವರಿಗೂ ಕಿವಿಗೆ ಬಿದ್ದಿದೆ. ಬೇಜಾರಿಲ್ಲ, ಬೋರ್ಡಿನಲ್ಲಿ ಬರೆಸಬೇಕು ಎನ್ನುತ್ತಿದ್ದಾರೆ.

ಅವರು ಗಾಡಿಯ ಮುಂದೆ ಸ್ಟೂಲು ಹಾಕಿಕೊಂಡು ಒಂದು ಚಹಾ ಮುಗಿಯುವವರೆಗೆ ನೋಡಿದರು. ಆಮೇಲೆ ಹೇಳಿದರು, "ಒಳಗಡೆ ಏನೂ ಆಗಿಲ್ಲಮ್ಮಾ. ಇದು ಮೇಲ್ಮೈ ರೋಗ." ಕವರಿನ ಸ್ಕ್ರೂಗಳು ಉಪ್ಪು ತಿಂದು ಅಲ್ಲೇ ಕಚ್ಚಿಕೊಂಡಿದ್ದವು. ಎಣ್ಣೆ ಬಿಟ್ಟು, ಬಿಸಿ ಮಾಡಿ, ತಟ್ಟಿ, ಮತ್ತೆ ಎಣ್ಣೆ ಬಿಟ್ಟು, ಒಂದೊಂದನ್ನೂ ಹಾಲುಹಲ್ಲು ಕೀಳುವಷ್ಟು ನಾಜೂಕಾಗಿ ಬಿಚ್ಚಿದರು. ಒಂದು ಮಾತ್ರ ಹಟ ಹಿಡಿದು ತಲೆ ಮುರಿದುಕೊಂಡಿತು, ಅದನ್ನು ಕೊರೆದು ತೆಗೆಯಬೇಕಾಯಿತು. ಕವರುಗಳನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, "ಪಾಲಿಶ್ ಮೋಟಾರು ನಿನ್ನ ಹತ್ತಿರಾನೇ ಇದೆಯಲ್ಲ, ನನ್ನನ್ಯಾಕೆ ಕೇಳ್ತೀಯ" ಎಂದರು.

ನಿಜ, ನನಗೇ ಹೊಳೆದಿರಲಿಲ್ಲ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ದಿನಾ ಕಟ್ಟುಹಲ್ಲಿನ ಸೆಟ್ಟುಗಳನ್ನು ಉಜ್ಜಿ ಹೊಳಪು ಬರಿಸುವುದೇ ನನ್ನ ಕೆಲಸ. ಡಾಕ್ಟರನ್ನು ಕೇಳಿದೆ. ಮೋಟಾರಿಗೆ ಉಜ್ಜುವ ಬೇರೆ ಬಟ್ಟೆಚಕ್ರ ಹಾಕಿಕೊಂಡರೆ ಅಭ್ಯಂತರವಿಲ್ಲ, ಎಂಜಿನ್ನು ಉಜ್ಜಿದ ಚಕ್ರ ಯಾರ ಬಾಯಿಗೂ ಹೋಗಬಾರದು ಎಂದರು. ಬಣ್ಣ ಕೀಳುವ ದ್ರಾವಣ ಹಚ್ಚಿ ಹಳೇ ಪದರವನ್ನು ಬಿಡಿಸಿದೆ, ಸುಟ್ಟ ಚರ್ಮದ ಹಾಗೆ ಸುರುಳಿಯಾಗಿ ಬಂತು. ಆಮೇಲೆ ನೀರಿನಲ್ಲಿ ಅದ್ದಿದ ಉಪ್ಪುಕಾಗದದಿಂದ ಉಜ್ಜಿದೆ, ಮೊದಲು ಒರಟು, ಆಮೇಲೆ ನಯ, ಆಮೇಲೆ ಇನ್ನೂ ನಯ. ಊಟದ ಬಿಡುವಿನಲ್ಲೆಲ್ಲ ಅದೇ ಕೆಲಸ. ಹಲ್ಲು ಕಟ್ಟಿಸಿಕೊಳ್ಳಲು ಬಂದಿದ್ದ ಒಬ್ಬ ಅಜ್ಜಿ ಬಾಗಿಲಲ್ಲಿ ಇಣುಕಿ, ಕವರನ್ನು ನೋಡಿ, "ಅಷ್ಟು ದೊಡ್ಡ ಬಾಯಿ ಯಾರದಮ್ಮಾ?" ಎಂದು ಕೇಳಿದರು. ನನ್ನ ತಮ್ಮನದು ಎಂದುಬಿಟ್ಟೆ. ಕ್ಷಮಿಸು.

ಬಲಗಡೆಯದು ಬೇಗ ಒಲಿಯಿತು. ಎಡಗಡೆಯ ಕವರಿನಲ್ಲಿ ಸಾಸಿವೆ ಕಾಳಿನಷ್ಟು ಗುಳಿಗಳು ಉಳಿದವು. ನಾನು ಬಿಡದೆ ಉಜ್ಜುತ್ತಿದ್ದೆ. ಒಂದು ಭಾನುವಾರ ಅದನ್ನು ಗ್ಯಾರೇಜಿಗೆ ಒಯ್ದು ತೋರಿಸಿದರೆ ನಿಧಾನಪ್ಪನವರು ನನ್ನ ಕೈ ಹಿಡಿದು ನಿಲ್ಲಿಸಿದರು. "ಗುಳಿ ಹೋಗೋವರೆಗೂ ಉಜ್ಜಿದ್ರೆ ಕವರೇ ಇರಲ್ಲ. ಇರಲಿ ಬಿಡು. ಮತ್ತೆ ಪದರ ಗಿದರ ಬೇಡ, ಅದರಡಿಗೇ ಉಪ್ಪು ಅಡಗಿ ಕೂರೋದು. ಬರೀ ಮೇಣ ಹಚ್ಚು. ಕಡಲ ಕಡೆ ಹೋಗಿ ಬಂದ ದಿನ ಸಿಹಿನೀರು ಹಾಕಿ ತೊಳೆದು ಒರೆಸು. ಆಯ್ತು."

ಆ ಕವರು ನನ್ನ ತೊಡೆಯ ಮೇಲಿತ್ತು. ಅದರಲ್ಲೊಂದು ದುಂಡನೆಯ ತೂತು. ಇಷ್ಟು ದಿನ ಅದರ ಸುತ್ತ ಉಜ್ಜಿದ್ದೆ, ಅದು ಯಾಕಿದೆ ಎಂದು ಕೇಳಿರಲಿಲ್ಲ, ಆಗ ಕೇಳಿದೆ. ಗೇರಿನ ಕಡ್ಡಿ ಅದರಿಂದ ಹೊರಗೆ ಬರುತ್ತದೆ, ಎಡಗಾಲಲ್ಲಿ ಒತ್ತುವ ಪೆಡಲು ಅದಕ್ಕೇ ಕೂರುತ್ತದೆ ಎಂದರು. "ಆ ಕಡ್ಡಿ ತಿರುಗಿದ್ರೆ ಸಾಕಾ, ಕಾಲಲ್ಲೇ ತಿರುಗಿಸಬೇಕಾ?" ಎಂದೆ. ತಮ್ಮಣ್ಣ, ಅವರು ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟರು. "ತಿರುಗಿದ್ರೆ ಸಾಕು. ಯಾವುದು ತಿರುಗಿಸ್ತು ಅಂತ ಗೇರು ಕೇಳಲ್ಲ."

ಆ ಮನುಷ್ಯ ಅಷ್ಟು ಬೇಗ ಎದ್ದದ್ದನ್ನು ನಾನು ಕಂಡದ್ದು ಅದೇ ಮೊದಲು. ಗೇರಿನ ಕಡ್ಡಿಯನ್ನು ಕೈಯಿಂದ ತಿರುಗಿಸಲೆಂದು ಮೊದಲು ಮಾಡಿದ ಸರಳು ಚಮಚದ ಹಾಗೆ ಬಾಗಿಹೋಯಿತು. ಇನ್ನೊಂದನ್ನು ಬೆಸೆದರು, ಅದು ಟ್ಯಾಂಕಿಗೆ ತಾಗುತ್ತಿತ್ತು. ಮೂರನೆಯದು ಕೂತಿತು. ಈಗ ಎಡಗಡೆಯ ಕಡ್ಡಿಯಿಂದ ಸರಳು ಅಡ್ಡ ಹಾಯ್ದು, ಟ್ಯಾಂಕಿನ ಬಲಬದಿಗೆ ಒಂದು ಹಿಡಿ ಬಂದಿದೆ. ಎಡಗೈಯಲ್ಲಿ ಕ್ಲಚ್ ಹಿಡಿದು, ಬಲಗೈಯಿಂದ ಆ ಹಿಡಿಯನ್ನು ದೂಡಿದರೆ ಗೇರು ಬೀಳುತ್ತದೆ. ಹಿಂದಿನ ಬ್ರೇಕು ಹೇಗೂ ಬಲಗಾಲಿನದು. ಕವರುಗಳನ್ನು ಹೊಸ ಗ್ಯಾಸ್ಕೆಟ್ ಇಟ್ಟು ಕೂರಿಸಿದ್ದಾಯಿತು. ಹೊಸದರಂತೆ ಕಾಣುವುದಿಲ್ಲ, ನಿನಗೆ ಸುಳ್ಳು ಹೇಳಲಾರೆ. ಹೊಳಪು ಇದೆ, ಗುಳಿಗಳೂ ಇವೆ.

ಹೋದ ವಾರ ಆ ಕೊಳ್ಳುವವನು ಮತ್ತೆ ಬಂದಿದ್ದ. ಎಂಜಿನ್ ಫಳಫಳ ಅನ್ನುತ್ತಿದೆ ಎಂದು ಯಾರೋ ಹೇಳಿದರಂತೆ. ಕವರಿನಲ್ಲಿ ತನ್ನ ಮೀಸೆ ನೋಡಿಕೊಂಡು, ಎಷ್ಟಕ್ಕೆ ಕೊಡುತ್ತೀರಿ ಎಂದ. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಕೈಯಲ್ಲಿ ಒರೆಸುವ ಬಟ್ಟೆ ಹಿಡಿದುಕೊಂಡು ಹೊರಗೆ ಬಂದಳು. "ಗಾಡಿ ಯಜಮಾನರು ಮನೇಲಿಲ್ಲ. ಅವರು ಬಂದ ಮೇಲೆ ಬನ್ನಿ, ಅವರನ್ನೇ ಕೇಳಿ" ಎಂದಳು. ನಿನಗೆ ಅಮ್ಮ ಬಹುವಚನ ಕೊಟ್ಟದ್ದನ್ನು ನಾನು ಈ ಜನ್ಮದಲ್ಲಿ ಮೊದಲ ಸಲ ಕೇಳಿದೆ. ಅವನು ಹೋದ ಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಸ್ವಲ್ಪ ಹೊತ್ತು ಅತ್ತಳು. ನೀನು ಆಸ್ಪತ್ರೆಗೆ ಸೇರಿದಾಗಿನಿಂದ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. ನೋಡಿ ನನಗೇನೋ ಸಮಾಧಾನವಾಯಿತು. ನಾನೂ ಪಕ್ಕದಲ್ಲಿ ಕೂತೆ.

ಮಾರಬೇಕೆಂದು ನಿನಗೆ ಈಗಲೂ ಅನಿಸಿದರೆ ಮಾರೋಣ. ಆದರೆ ಅದನ್ನು ನೀನು ಬಂದು, ಗಾಡಿಯನ್ನು ಕಣ್ಣಾರೆ ನೋಡಿ ಹೇಳಬೇಕು. ಅಮ್ಮ ಆಶೀರ್ವಾದ ಹೇಳಿದ್ದಾಳೆ, ಸ್ವೆಟರು ಹಾಕಿಕೋ ಎಂದೂ ಹೇಳಿದ್ದಾಳೆ. ನಿಧಾನಪ್ಪನವರು ಕೇಳಿದೆನೆಂದು ಹೇಳು ಅಂದರು. ಮೇಡಂ ಅವರಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ,
ಅಕ್ಕ

ಮರೆತಿದ್ದೆ: ಅಂಚೆ ಡಬ್ಬ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಕೈಗೇರಿನಲ್ಲಿ ಓಡಿಸಲು ಆಗುತ್ತದೋ ಇಲ್ಲವೋ ಎಂದು ನಿನ್ನ ಮೇಲೆ ಪ್ರಯೋಗ ಮಾಡಲು ನನಗೆ ಮನಸ್ಸು ಬರಲಿಲ್ಲ. ಅದಕ್ಕೇ ಎಡಗಾಲಿನ ಎರಡೂ ಬದಿಗೆ ಹಲಗೆ ಕಟ್ಟಿ, ಪಾದ ಮಡಚದ ಹಾಗೆ ಮಾಡಿಕೊಂಡು, ಶಾಲೆಯ ಮೈದಾನದಲ್ಲಿ ನಾನೇ ಓಡಿಸಿದೆ. ಸೈಕಲ್ಲೂ ಸರಿಯಾಗಿ ಬಾರದ ನಾನು. ಎಷ್ಟೋ ಸಲ ಬಿದ್ದೆ. ಮೊಣಕೈ ತರಚಿದೆ, ಬಾಗಿಲು ತಾಗಿತು ಎಂದು ಅಮ್ಮನಿಗೆ ಹೇಳಿದ್ದೇನೆ, ಅವಳು ನಂಬಿದ ಹಾಗೆ ನಟಿಸುತ್ತಿದ್ದಾಳೆ. ಕೊನೆಗೆ ಎಲ್ಲ ಗೇರನ್ನೂ ಹಾಕಿ ಮೈದಾನ ಸುತ್ತಿದೆ, ತಮ್ಮಣ್ಣ. ಆಗುತ್ತದೆ. ಮುಂದಿನ ಭಾನುವಾರ ನಿಧಾನಪ್ಪನವರು ಗಾಡಿಯನ್ನು ವ್ಯಾನಿನಲ್ಲಿ ಹಾಕಿಕೊಂಡು ಅಲ್ಲಿಗೆ ತರುತ್ತಾರೆ, ನಾನೂ ಬರುತ್ತೇನೆ, ಮೇಡಂ ಒಪ್ಪಿದ್ದಾರೆ. ಹತ್ತಬೇಕೆಂದು ಬಲವಂತ ಮಾಡುವುದಿಲ್ಲ. ಆದರೆ ನಾನು ಆಸ್ಪತ್ರೆಯ ಗೇಟಿನ ಹೊರಗೆ ಕಾಯುತ್ತಿರುತ್ತೇನೆ, ಒಳಗೆ ಬರುವುದಿಲ್ಲ. ನೀನು ಹೊಸ ಕಾಲು ಹಾಕಿಕೊಂಡು ಅಲ್ಲಿಯವರೆಗೆ ನಡೆದು ಬಾ. ಎಷ್ಟು ಹೊತ್ತಾದರೂ ಸರಿ.