ಬದುಕಿರುವ ಹೆಂಡತಿಯ ಶ್ರದ್ಧಾಂಜಲಿಗೆ ಶೇಕಡಾ ಇಪ್ಪತ್ತು ರಿಯಾಯಿತಿ

ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದೇ ಸಂಬಳ ಪಡೆಯುತ್ತಿರುವ ಕಚೇರಿಯ ಅಧ್ಯಕ್ಷರೇ,

ನನ್ನ ದೂರಿಗೆ ತಮ್ಮಿಂದ ಬಂದ ಉತ್ತರದಲ್ಲಿ ಇದ್ದದ್ದು ಒಂದೇ ಪ್ರಶ್ನೆ: "ಈ ಪ್ರಕರಣದಲ್ಲಿ ತಮಗೆ ಆಗಿರುವ ನಷ್ಟವೇನು?" ನನ್ನ ಹೆಂಡತಿಗೆ ದೊಡ್ಡ ಕಾಯಿಲೆಯಿದೆ ಎಂಬ ಸುದ್ದಿಯನ್ನು ಅವಳ ಬಾಯಿಂದ ಕೇಳುವ ಮೊದಲೇ ಒಂದು ಜಾಹೀರಾತು ನನಗೆ ತಿಳಿಸಿತು. ಇದು ನಷ್ಟದ ಯಾವ ಜಾತಿಗೆ ಸೇರುತ್ತದೆಂದು ನನಗೆ ತಿಳಿಯದು. ಆದ್ದರಿಂದ ಎಲ್ಲರೂ ಓದಲಿ ಎಂದು ಪತ್ರಿಕೆಯ ಮೂಲಕವೇ ಉತ್ತರಿಸುತ್ತಿದ್ದೇನೆ. ಹೇಗೂ ಊರಿಗೆಲ್ಲ ಗೊತ್ತಾಗಿದೆ.

ನಾವು ಗುಟ್ಟಿನ ಜನರೆಂದು ತಾವು ಭಾವಿಸಬಾರದು. ಬಲ್ಗೇರಿಯದವರು ಸಾವನ್ನೂ ಬಾಗಿಲಿಗೆ ಅಂಟಿಸುವವರು. ಸತ್ತವರ ಫೋಟೋ, ಹೆಸರು, ವಯಸ್ಸು ಅಚ್ಚಾದ ಹಾಳೆ ಮನೆಯ ಬಾಗಿಲಿಗೆ, ಬೀದಿಯ ಕಂಬಕ್ಕೆ, ಬಸ್ ನಿಲ್ದಾಣಕ್ಕೆ ಏರುತ್ತದೆ. ನಲವತ್ತನೆಯ ದಿನಕ್ಕೆ ಇನ್ನೊಂದು, ವರ್ಷಕ್ಕೆ ಮತ್ತೊಂದು. ಬಸ್ಸಿಗೆ ಕಾಯುವವರು ಓದುತ್ತಾರೆ, "ಅಯ್ಯೋ, ಇವನು ನನಗಿಂತ ಚಿಕ್ಕೋನು" ಎನ್ನುತ್ತಾರೆ, ಬಸ್ಸು ಹತ್ತುತ್ತಾರೆ. ಆದರೆ ಇದಕ್ಕೊಂದು ಮರ್ಯಾದೆಯಿದೆ. ಹಾಳೆಯನ್ನು ಮನೆಯವರೇ ಅಂಟಿಸಬೇಕು. ಯಾವ ಫೋಟೋ, ಯಾವ ಮಾತು, ಯಾವ ದಿನ ಎಂಬುದು ಅವರ ಇಷ್ಟ. ಪಕ್ಕದ ಮನೆಯವರಿಗೆ ಸುದ್ದಿ ಮೊದಲೇ ಗೊತ್ತಿದ್ದರೂ ಅವರು ಗೋಂದಿನ ಡಬ್ಬಿ ಹಿಡಿದು ಬರುವುದಿಲ್ಲ.

ನನ್ನ ಹೆಂಡತಿ ಇಸ್ಕ್ರಾ ಔಷಧದಂಗಡಿಯ ರಿಯಾಯಿತಿ ಕಾರ್ಡು ಮಾಡಿಸಿದ್ದು ನನ್ನ ಮೊಣಕಾಲಿನ ಮುಲಾಮಿಗಾಗಿ. ಫೋಟೋ ಕೇಳಿದರು, ಕೊಟ್ಟಳು. ಫೋನ್ ನಂಬರ್ ಕೇಳಿದರು, ತನ್ನ ಫೋನು ಹಳೆಯದೆಂದು ನನ್ನದನ್ನು ಕೊಟ್ಟಳು. ನಾನು ಗೊಣಗಿದಾಗ ಕೆಳಮನೆಯ ದೊಬ್ರಿಂಕಾ ಹೇಳಿದಳು: "ನಿನ್ನ ಹತ್ರ ಕದಿಯೋಕೆ ಏನಿದೆ ಗೆನ್ಚೋ? ಮೊಣಕಾಲು ನೋವನ್ನ ಯಾರಾದ್ರೂ ಕದಿಯೋಕೆ ಬಂದ್ರೆ ಕಾಫಿ ಕೊಟ್ಟು ಕಳಿಸು." ಮಾತು ನ್ಯಾಯವಾಗಿಯೇ ಇತ್ತು. ಷರತ್ತುಗಳನ್ನು ಓದಿ ಒಪ್ಪಬೇಕಿತ್ತು ಎಂದು ತಾವು ಹೇಳಬಹುದು. ಆ ಅಕ್ಷರ ಓದಲು ಬೇಕಾದ ಕನ್ನಡಕ ಅದೇ ಅಂಗಡಿಯಲ್ಲಿ ಸಿಗುತ್ತದೆ, ಕಾರ್ಡಿದ್ದರೆ ಅದಕ್ಕೂ ರಿಯಾಯಿತಿ ಉಂಟು.

ಸೆಪ್ಟೆಂಬರಿನಲ್ಲಿ ನಮ್ಮ ಕಟ್ಟಡದ ಅಂಗಳದ ತುಂಬ ಕೆಂಪು ದೊಣ್ಣೆಮೆಣಸಿನಕಾಯಿ ಸುಡುವ ಹೊಗೆ. ಚಳಿಗಾಲಕ್ಕೆಲ್ಲ ಸಾಲುವಷ್ಟು ಲ್ಯುತೆನಿತ್ಸಾ ಚಟ್ನಿ ಅರೆದು ಬಾಟಲಿಗೆ ತುಂಬಬೇಕು. ಇಸ್ಕ್ರಾ ಸುಡುತ್ತಿದ್ದಳು, ದೊಬ್ರಿಂಕಾ ಮತ್ತು ನಾನು ಸಿಪ್ಪೆ ಸುಲಿಯುತ್ತಿದ್ದೆವು. ಆಗ ನನ್ನ ಫೋನಿಗೆ ಸಂದೇಶ ಬಂತು. "ಕಷ್ಟದ ಹೊತ್ತಿನಲ್ಲಿ ನಿಮ್ಮೊಂದಿಗೆ ನಾವಿದ್ದೇವೆ. ಶ್ರದ್ಧಾಂಜಲಿ ಹಾಳೆಯನ್ನು ಮುಂಗಡ ಕಾದಿರಿಸಿದರೆ ಶೇಕಡಾ ಇಪ್ಪತ್ತು ರಿಯಾಯಿತಿ, ನಲವತ್ತನೆಯ ದಿನದ ಹಾಳೆ ಉಚಿತ." ಕೆಳಗೊಂದು ಮಾದರಿ. ಕಪ್ಪು ಅಂಚಿನ ನಡುವೆ ಕಾರ್ಡಿಗೆ ಕೊಟ್ಟಿದ್ದ ಇಸ್ಕ್ರಾಳ ಫೋಟೋ, ಪೂರ್ತಿ ಹೆಸರು.

ಇಂಥ ಪ್ರಮಾದಕ್ಕೆ ನಗದೆ ಇನ್ನೇನು ಮಾಡುವುದು? ಫೋನನ್ನು ಅವಳ ಮುಖಕ್ಕೆ ಹಿಡಿದೆ. "ನೋಡೇ, ನೀನು ಸತ್ತು ಹೋಗಿದ್ದೀಯಂತೆ. ಗಂಡನಿಗೆ ಒಂದು ಮಾತು ಹೇಳ್ಬಾರ್ದಿತ್ತಾ?"

"ಫೋಟೋ ಚೆನ್ನಾಗಿದೆ ಕಣೇ," ಎಂದಳು ದೊಬ್ರಿಂಕಾ. "ಹೆಂಗೂ ಡಿಸ್ಕೌಂಟ್ ಇದೆ, ಹೇಳಿಟ್ಬಿಡು."

ಇಸ್ಕ್ರಾ ನಗಲಿಲ್ಲ. ಸುಡುತ್ತಿದ್ದ ಕಾಯಿಗಳನ್ನು ಒಂದೊಂದಾಗಿ ಮಗುಚಿದಳು. "ಮೆಣಸಿನಕಾಯಿ ಕೆಲಸ ಮುಗೀಲಿ ಅಂತಿದ್ದೆ," ಎಂದಳು. "ಆಮೇಲೆ ಹೇಳೋಣ ಅಂತ."

ದೊಬ್ರಿಂಕಾ ಚಾಕು ಕೆಳಗಿಟ್ಟಳು. ನನಗಿಂತ ಮೊದಲು ಅವಳಿಗೆ ಅರ್ಥವಾಯಿತು. ನನ್ನ ಮುಖದ ಮೇಲೆ ಇನ್ನೂ ಆ ನಗುವಿತ್ತು, ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಆಗಸ್ಟಿನಲ್ಲೇ ವೈದ್ಯರು ಅವಳಿಗೆ ಹೇಳಿದ್ದರಂತೆ. ತಂಗಿಯ ಮನೆಗೆಂದು ಹೇಳಿ ಹೋಗುತ್ತಿದ್ದದ್ದು ಆಸ್ಪತ್ರೆಗೆ. ವಾಂತಿಯ ಮಾತ್ರೆ, ನೋವಿಗೆ ಮೈಗಂಟಿಸುವ ಪಟ್ಟಿ, ಊಟ ಸೇರದವರು ಕುಡಿಯುವ ಪುಡಿ ಎಲ್ಲವನ್ನೂ ಆ ಕಾರ್ಡಿನ ಮೇಲೇ ಕೊಂಡಿದ್ದಳು. ನಾಲ್ಕು ಕಾಸು ಉಳಿಯಲಿ ಎಂದು. ಅಂಗಡಿಯ ಕಂಪನಿ ಅದನ್ನೆಲ್ಲ ಕೂಡಿಸಿ ಲೆಕ್ಕ ಹಾಕಿ, ತನ್ನ ಸ್ನೇಹಿತನಾದ ಶವಸಂಸ್ಕಾರದ ಕಂಪನಿಗೆ ದಾಟಿಸಿತು. ಸ್ನೇಹವೆಂದರೆ ಹೀಗಿರಬೇಕು.

ಕಂಪನಿಯವರು ನನಗೆ ಸಮಾಧಾನವನ್ನೂ ಹೇಳಿದ್ದಾರೆ. ಅವರ ಕಡೆಯ ಯಾವ ಮನುಷ್ಯನೂ ನನ್ನ ಹೆಂಡತಿಯ ವಿವರವನ್ನು ಓದಿಲ್ಲವಂತೆ, ಓದಿದ್ದು ಯಂತ್ರವಂತೆ. ಹಾಗಾದರೆ ಸುದ್ದಿ ತಿಳಿದ ಮನುಷ್ಯರು ನಾವಿಬ್ಬರೇ, ನಾನು ಮತ್ತು ದೊಬ್ರಿಂಕಾ. ಸಂಜೆಯೊಳಗೆ ಕಟ್ಟಡದವರೆಲ್ಲ ಸೂಪು ಹಿಡಿದು ಬಂದರು. ಅವರನ್ನು ನಾನು ದೂರುವುದಿಲ್ಲ, ಸೂಪು ಚೆನ್ನಾಗಿತ್ತು.

ಕಂಪನಿಗಳು ನಮ್ಮ ವಿವರ ಕೂಡಿಟ್ಟರೆ ಚಿಂತೆ ಮಾಡಬೇಕೇ ಎಂದು ಈಗಲೂ ಕೇಳುವವರಿದ್ದಾರೆ. ಹಳೆಯ ಕಮ್ಯುನಿಸ್ಟ್ ಸರ್ಕಾರದ ಕಾಲದಲ್ಲಿ ನಮ್ಮ ಮೇಲೆ ಕಣ್ಣಿಡಲು ಮೂರನೆಯ ಮಹಡಿಯವನೊಬ್ಬನನ್ನು ನೇಮಿಸಿದ್ದರು. ಎಲ್ಲರಿಗೂ ಗೊತ್ತಿತ್ತು, ಅವನು ಬಂದರೆ ಹವಾಮಾನದ ಮಾತಾಡುತ್ತಿದ್ದೆವು. ಮೆಟ್ಟಿಲ ಮೇಲೆ ಎದುರಾದರೆ ಅವನು ತಲೆ ತಗ್ಗಿಸುತ್ತಿದ್ದ. ಈಗ ತಲೆ ತಗ್ಗಿಸಲು ಯಾರಿದ್ದಾರೆ, ಹೇಳಿ? ಕಾರ್ಡಿನೆದುರು ಹವಾಮಾನದ ಮಾತಾಡಿ ಬಚಾವಾಗುವುದು ಹೇಗೆ? ಲೆಕ್ಕ ಕೂಡಿಸಿ ಅದನ್ನು ಕಾಯಿಲೆಯವಳ ಮನೆಗೆ ಕಳಿಸಿದ ಕಂಪನಿಗಳನ್ನು ಬಿಟ್ಟು ತಾವು ನನ್ನನ್ನು ನಷ್ಟ ಕೇಳುತ್ತಿದ್ದೀರಿ.

ಸರಿ, ಹೇಳುತ್ತೇನೆ. ಆ ರಾತ್ರಿ ಇಸ್ಕ್ರಾ ಅಂದದ್ದು ಇಷ್ಟು: "ಈ ಸಲದ ಬಾಟಲಿಗಳನ್ನಾದ್ರೂ ನೀನು ನಗ್ತಾ ತುಂಬಬೇಕು ಅನ್ನಿಸ್ತು. ಅದೊಂದೇ ನಾನು ನಿನಗೆ ಕೊಡಬಹುದಾಗಿದ್ದು." ಏನೂ ಗೊತ್ತಿಲ್ಲದ ಒಂದು ಶರತ್ಕಾಲವನ್ನು ನನ್ನ ಹೆಂಡತಿ ನನಗಾಗಿ ತೆಗೆದಿಟ್ಟಿದ್ದಳು. ಅದಕ್ಕಾಗಿ ನೋವನ್ನು ಒಬ್ಬಳೇ ನುಂಗುತ್ತಿದ್ದಳು. ಅದು ಹೋಯಿತು. ನಷ್ಟ ಇದೇ. ನನಗೆ ಸಿಟ್ಟು ಬಂದಿದೆ, ದುಃಖವೂ ಆಗಿದೆ. ಪರಿಹಾರ ಬೇಡ, ಅದನ್ನು ಯಾರೂ ತಂದುಕೊಡಲಾರರು.

ಬೇಕಾದದ್ದು ಇಷ್ಟೇ. ಅವಳ ಹೆಸರು, ಫೋಟೋ, ಕೊಂಡ ಔಷಧಗಳ ವಿವರವೆಲ್ಲವನ್ನೂ ಆ ಎರಡು ಕಂಪನಿಗಳಿಂದ ಅಳಿಸಿಸಿ. ಅಳಿಸಿದ್ದಾರೆಂದು ತಾವೇ ಖುದ್ದಾಗಿ ನೋಡಿ ಬರೆದು ತಿಳಿಸಿ. ಇನ್ನು ಮುಂದೆ ಯಾರೇ ಆಗಲಿ, ಒಬ್ಬರ ಕಾಯಿಲೆಯನ್ನು ಇನ್ನೊಬ್ಬರಿಗೆ ದಾಟಿಸುವ ಮುನ್ನ ಕಾಯಿಲೆಯವರನ್ನು ಕೇಳಲಿ. ಇದನ್ನು ಬರೆಯುತ್ತಿರುವಾಗ ಇಸ್ಕ್ರಾ ಪಕ್ಕದಲ್ಲೇ ಕೂತು ಹುರುಳಿಕಾಯಿ ಬಿಡಿಸುತ್ತಿದ್ದಾಳೆ. "ಕಾರ್ಡಿನ ಫೋಟೋ ನಂಗೆ ಇಷ್ಟವಿಲ್ಲ ಅಂತಾನೂ ಬರಿ," ಎನ್ನುತ್ತಾಳೆ. ಬಾಗಿಲಿಗೆ ಬೇಕಾದ ಫೋಟೋವನ್ನು ನಿನ್ನೆ ಅವಳೇ ಆರಿಸಿದಳು. ಯಾವುದೆಂದು ನಾನು ತಮಗೆ ಹೇಳುವುದಿಲ್ಲ.

ಇಂತಿ,
ಮನೆಯ ಸುದ್ದಿಯನ್ನು ಅಂಗಡಿಯಿಂದ ತಿಳಿದ ಗಂಡ,
ಗೆನ್ಚೋ
(ವಿಳಾಸ ಬೇಕಾದರೆ ಔಷಧದಂಗಡಿಯಲ್ಲಿ ವಿಚಾರಿಸುವುದು)