ಯಜಮಾನರ ಎಡತೋಳು

ಅಂಗಡಿಯಿಂದ,
ಹದಿನೇಳನೇ ತಾರೀಖು, ಮಧ್ಯಾಹ್ನ

ನನ್ನ ಬಾಬಿನ್‌ಗೆ,

ಇದು ನಿನ್ನ ಅಪ್ಪನದೇ ಅಕ್ಷರ, ಯಾರೋ ಪಕ್ಕದಲ್ಲಿ ಕೂತು ಬರೆಸಿದ್ದಲ್ಲ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಮ್ಮ ಫೋನನ್ನು ಇನ್ನಾರು ಕೇಳಿಸಿಕೊಳ್ಳುತ್ತಿರುತ್ತಾರೋ ಹೇಳಲಾಗದು. ಮೇಲಾಗಿ ನೀನು ನನ್ನ ಫೋನು ಎತ್ತುವುದನ್ನೇ ಬಿಟ್ಟಿದ್ದೀಯ. ಕಾಗದವಾದರೆ ಹರಿದು ಹಾಕುವ ಮೊದಲು ನಾಲ್ಕು ಸಾಲಾದರೂ ಓದುತ್ತೀಯ ಎಂಬ ಧೈರ್ಯ ನನಗಿದೆ. ಲಕೋಟೆಯ ಅಂಟಿನ ಮೇಲೆ ಅಡ್ಡಲಾಗಿ ಸಹಿ ಹಾಕಿದ್ದೇನೆ. ಆ ಸಹಿ ಸರಿಯಾಗಿ ಕೂಡಿಕೊಳ್ಳದಿದ್ದರೆ ದಾರಿಯಲ್ಲಿ ಯಾರೋ ಬಿಚ್ಚಿ ಓದಿದ್ದಾರೆ ಎಂದು ತಿಳಿ. ನಮ್ಮ ಬೀದಿಯ ಅಂಚೆಯವನು ಆ ಕಡೆಯ ಪಕ್ಷದವನು. ಈಗೀಗ ನನ್ನನ್ನು ಕಂಡರೆ ಸುಮ್ಮಸುಮ್ಮನೆ ನಗುತ್ತಾನೆ.

ನಿನ್ನ ಕಾಗದ ಓದಿದೆ. ಅಳಿಯಂದಿರು ಜೈಲಿನಲ್ಲಿರುವುದು ನನಗೂ ಸಂಕಟವೇ. ಮೈಕ್ ಸೆಟ್ ಕಟ್ಟಲು ಹೋದ ಮನುಷ್ಯ, ನಮ್ಮ ಪಕ್ಷದ ಯಜಮಾನರ ಮೇಲೆ ಕೈ ಮಾಡಿದ ಎಂಬ ಕೇಸಿನಲ್ಲಿ ಒಳಗೆ ಹೋಗುವುದೆಂದರೆ ಯಾರ ಹೊಟ್ಟೆಯಾದರೂ ಉರಿಯುತ್ತದೆ. ನೀನು ಬರೆದಿರುವುದು ಹೀಗೆ. ಯಜಮಾನರು ಭಾಷಣ ಮುಗಿಸಿ ವೇದಿಕೆಯಿಂದ ಇಳಿಯುವಾಗ ಮೈಕಿನ ವೈರು ಕಾಲಿಗೆ ತೊಡರಿತು. ಬಿದ್ದಾರೆಂದು ಅಳಿಯಂದಿರು ಅವರ ಎಡಗೈ ಹಿಡಿದರು. ಅಂಗಿಯ ತೋಳು ಭುಜದಿಂದ ಕಿತ್ತು ಪೂರ್ತಿಯಾಗಿ ಅಳಿಯಂದಿರ ಕೈಗೆ ಬಂತು. ಹಿಂದಿನಿಂದ ಯಾರೋ ‘ಹೊಡೆದ್ರು’ ಎಂದು ಕೂಗಿದರು, ಅಷ್ಟೇ ಸಾಕಾಯಿತು. ಈಗ ಗೋಡೆಗೋಡೆಯ ಮೇಲೂ ಆ ಫೋಟೋ. ಬಟ್ಟೆಯಿಲ್ಲದ ಬರಿಗೈ ಎತ್ತಿ ನಿಂತ ಯಜಮಾನರು, ಪಕ್ಕದಲ್ಲಿ ತೋಳು ಹಿಡಿದುಕೊಂಡು ಬೆಪ್ಪಾಗಿ ನೋಡುತ್ತಿರುವ ನಿನ್ನ ಗಂಡ. ಕೊನೆಯಲ್ಲಿ ನೀನು ಕೇಳಿದ್ದೀಯ, ‘ಆ ಅಂಗಿ ಹೊಲಿದವನು ನೀನು, ನಿನ್ನ ಹೊಲಿಗೆ ಹಿಡಿದ ತಕ್ಷಣ ಕಿತ್ತು ಬರುವಂಥದ್ದಾ, ಅದನ್ನು ಕೋರ್ಟಿಗೆ ಬಂದು ಹೇಳು’ ಎಂದು.

ಮೊದಲು ಒಂದು ಮಾತು ಹೇಳು. ಆ ಪ್ರಶ್ನೆ ನಿನಗೆ ಹೇಳಿಕೊಟ್ಟವರು ಯಾರು? ನೀನು ಚಿಕ್ಕಂದಿನಿಂದ ಉಸಿರು ಬಿಡದೆ ಬರೆಯುವವಳು. ಈ ಕಾಗದ ಮಾತ್ರ ಅಳೆದು ಕತ್ತರಿಸಿದ ಹಾಗಿದೆ. ವಕೀಲರ ಕೈ ಇದೆ ಎಂದು ನನಗೆ ಮೊದಲ ಪುಟದಲ್ಲೇ ಗೊತ್ತಾಯಿತು. ಆ ವಕೀಲರು ಯಾರ ಕಡೆಯವರು, ಅವರಿಗೆ ಫೀಸು ಯಾರು ಕೊಡುತ್ತಿದ್ದಾರೆ ಎಂದು ವಿಚಾರಿಸಿದ್ದೀಯಾ?

ಇನ್ನು ಉತ್ತರ. ನಾನು ಹೊಲಿದ ತೋಳು ಕಿತ್ತು ಬರುವುದಿಲ್ಲ. ಭುಜಕ್ಕೆ ಎರಡು ಸಾಲು ಹೊಲಿಗೆ ಹಾಕುವವನು ಈ ಬೀದಿಯಲ್ಲಿ ನಾನೊಬ್ಬನೇ. ಹಾಗಾಗಿ ಜೋರಾಗಿಯೇ ಎಳೆದಿರಬೇಕು. ಬೇಕೆಂದೇ ಎಳೆದರು ಎಂದು ನಾನು ಹೇಳುತ್ತಿಲ್ಲ. ಭಾರದ ಪೆಟ್ಟಿಗೆಗಳನ್ನು ಹೊತ್ತು ಹೊತ್ತು ಗಟ್ಟಿಯಾದ ಕೈ ಅವರದು, ಅವರಿಗೇ ತಿಳಿಯದೆ ಎಳೆದಿರಬಹುದು.

ನೀನು ಯಜಮಾನರ ಬಗ್ಗೆ ಹಗುರವಾಗಿ ಬರೆದಿದ್ದೀಯ, ಅದರಿಂದ ನನಗೆ ನೋವಾಯಿತು. ಅವರಿಗೆ ಏನು ಕಡಿಮೆ? ಮಿಲ್ಲಿದೆ, ಹೋಟೆಲುಗಳಿವೆ, ನಮ್ಮ ಬೀದಿಯ ಅರ್ಧ ಕಟ್ಟಡ ಅವರದೇ. ಅಷ್ಟಿರುವವರು ನಮ್ಮಂಥವರ ಜೇಬಿಗೆ ಯಾಕೆ ಕೈ ಹಾಕುತ್ತಾರೆ? ಅಷ್ಟೆಲ್ಲ ಬಂದದ್ದು ಎಲ್ಲಿಂದ ಎಂದು ನೀನು ಕೇಳುತ್ತೀಯ. ಅದು ಹೊಟ್ಟೆಕಿಚ್ಚಿನ ಪ್ರಶ್ನೆ. ಅವರ ಕಾರು ನಮ್ಮ ಅಂಗಡಿಯ ಮುಂದೆ ನಿಂತ ದಿನ ಬೀದಿಯವರೆಲ್ಲ ಹೊರಗೆ ಬಂದು ನೋಡಿದರು. ಆ ಕಾರಿನಲ್ಲಿ ಸ್ವಲ್ಪ ನನ್ನದೂ ಇದೆ ಅನ್ನಿಸಿತು. ಹೇಗೆ ಎಂದು ಕೇಳಬೇಡ, ಹೇಳಲು ಬರುವುದಿಲ್ಲ.

ಮತ್ತೆ ಅವರ ಮಾತು. ಮೊದಲ ಸಲ ಅವರ ಸಭೆಗೆ ಹೋದಾಗ ಅವರು ಹೇಳಿದ್ದು ಇಷ್ಟೇ: “ನಿಮಗೆ ಅನ್ಯಾಯ ಆಗಿದೆ. ನಂಗೂ ಆಗಿದೆ. ಮಾಡಿದೋರು ಒಬ್ರೇ.” ನಾನು ಅಲ್ಲೇ ಕಣ್ಣೀರು ಹಾಕಿದೆ, ಮಗಳೇ. ಇಷ್ಟು ವರ್ಷದಲ್ಲಿ ಯಾರು ನನಗೆ ಆ ಮಾತು ಹೇಳಿದ್ದರು? ಪಾಲಾದಾಗ ಒಳ್ಳೆಯ ಮೆಷಿನ್ನು ನಿನ್ನ ದೊಡ್ಡಪ್ಪನಿಗೆ ಹೋಯಿತು, ನನಗೆ ಪೆಡಲು ಅಲುಗುವ ಹಳೆಯದು. ಟೈಲರುಗಳ ಸಂಘದವರು ನನ್ನನ್ನು ಒಂದು ಸಲವೂ ಅಧ್ಯಕ್ಷನನ್ನಾಗಿ ಮಾಡಲಿಲ್ಲ, ನನಗೆ ಸಿಟ್ಟು ಬೇಗ ಬರುತ್ತದಂತೆ. ಶಾಲೆಯ ಯೂನಿಫಾರ್ಮು ಹೊಲಿಯುವ ಕೆಲಸ ಹೋಯಿತು, ಆಸ್ಪತ್ರೆಯದೂ ಹೋಯಿತು. ನನ್ನ ಹಣೆಬರಹ ಇಷ್ಟೇ ಎಂದು ಸುಮ್ಮನಿದ್ದೆ. ಹಣೆಬರಹ ಅಲ್ಲ, ಯಾರೋ ಮಾಡಿದ್ದು ಎಂದು ಯಜಮಾನರು ತಿಳಿಸಿಕೊಟ್ಟರು. ಅಂದಿನಿಂದ ನನಗೆ ಒಳ್ಳೆಯ ನಿದ್ದೆ ಬರುತ್ತದೆ.

‘ಎದುರಿಗೆ ಗಾಜಿನ ರೆಡಿಮೇಡ್ ಅಂಗಡಿ ತೆರೆದು ನಿನ್ನ ಗಿರಾಕಿಗಳನ್ನೆಲ್ಲ ಎಳೆದುಕೊಂಡವರು ಯಾರು, ವಿಚಾರಿಸಿದ್ದೀಯಾ’ ಎಂದು ಬರೆದಿದ್ದೀಯ. ವಿಚಾರಿಸಿದ್ದೇನೆ. ಅದು ಯಜಮಾನರದೇ. ಆದರೆ ಅಷ್ಟು ವ್ಯವಹಾರ ಇರುವವರಿಗೆ ಎಲ್ಲೆಲ್ಲಿ ಏನೇನು ಇದೆ ಎಂದು ತಿಳಿದಿರುವುದಿಲ್ಲ. ಮ್ಯಾನೇಜರುಗಳು ಅವರ ಕಣ್ಣಿಗೆ ಮಣ್ಣೆರಚಿ ತೆರೆದಿರಬೇಕು. ಒಂದು ದಿನ ನಾನೇ ಹೇಳೋಣವೆಂದಿದ್ದೇನೆ. ಸಮಯ ಕೂಡಿ ಬಂದಿಲ್ಲ.

ಅಂಗಿಯ ವಿಷಯಕ್ಕೆ ಬರುತ್ತೇನೆ. ನಿನಗೆ ಮುಚ್ಚಿಟ್ಟು ನನಗೇನಾಗಬೇಕು. ದಾರ ಸರಿ ಇರಲಿಲ್ಲ ಎಂದು ನನಗೆ ಒಂದು ಅನುಮಾನ. ದಾರ ಕೊಡುವವನು ಹೊಸಬ, ಹಳೆಯ ಸರಕನ್ನು ಹೊಸ ಕಾಗದದಲ್ಲಿ ಸುತ್ತಿ ಕೊಡುವವನ ಹಾಗೆ ಕಾಣುತ್ತಾನೆ. ಅವನಿಗೂ ಆ ಕಡೆಯ ಪಕ್ಷದವರಿಗೂ ಏನಾದರೂ ಇದೆಯೋ ಎಂದು ನೋಡುತ್ತಿದ್ದೇನೆ.

ಇಷ್ಟು ಬರೆದು ಪೆನ್ನು ಕೆಳಗಿಟ್ಟು ಒಂದು ಲೋಟ ನೀರು ಕುಡಿದು ಬಂದೆ. ನೀನು ಟೈಲರ್ ಮಗಳು, ದಾರದ ಮಾತು ನಂಬುವುದಿಲ್ಲ.

ನಡೆದದ್ದು ಹೀಗೆ. ಯಜಮಾನರು ತಾವೇ ಅಂಗಡಿಗೆ ಬಂದು ಅಳತೆ ಕೊಟ್ಟರು. ನಿಮ್ಮಂಥವರು ತೊಡುವ ಸಾದಾ ಬಟ್ಟೆಯಲ್ಲೇ ಹೊಲಿಯಿರಿ ಎಂದರು. ಅಂಗಿಗೆ ಈಗ ಯಾರೂ ಟ್ರಯಲ್ ನೋಡುವುದಿಲ್ಲ. ನಮ್ಮಲ್ಲಿ ಮಾತ್ರ ಇವತ್ತಿಗೂ ತೋಳುಗಳನ್ನು ಕಚ್ಚಾ ದಾರದಲ್ಲಿ ಉದ್ದುದ್ದ ಹೊಲಿಗೆ ಹಾಕಿ ಕೂರಿಸಿ, ಗಿರಾಕಿಗೆ ತೊಡಿಸಿ, ಕೈ ಎತ್ತಿಸಿ ಇಳಿಸಿ ನೋಡಿದ ಮೇಲೆಯೇ ಮೆಷಿನ್ನಿಗೆ ಕೊಡುವುದು. ಟ್ರಯಲ್ ದಿನ ಯಜಮಾನರು ಭಾಷಣ ಮಾಡುವವರ ಹಾಗೆ ರಪ್ಪನೆ ಎಡಗೈ ಎತ್ತಿದರು. ಕಚ್ಚಾ ದಾರ ಬಿಟ್ಟಿತು, ತೋಳು ನನ್ನ ಕೈಗೆ ಬಂತು. ನಾನು ನಾಚಿಕೆಯಿಂದ ಕುಗ್ಗಿ ಹೋದೆ. ಜೊತೆಯಲ್ಲಿದ್ದವರು ನಕ್ಕರು. ಯಜಮಾನರು ನಗಲಿಲ್ಲ. ಕನ್ನಡಿಯಲ್ಲಿ ತಮ್ಮ ಬರಿಗೈ ನೋಡಿಕೊಂಡು ಸ್ವಲ್ಪ ಹೊತ್ತು ನಿಂತರು. ಇನ್ನೊಂದು ಸಲ ಎತ್ತಿ ನೋಡಿದರು.

ಸಂಜೆ ಅವರ ಕನ್ನಡಕದ ಸೆಕ್ರೆಟರಿ ಒಬ್ಬನೇ ಬಂದ. “ಬಲಗೈದು ಮೆಷಿನ್ ಹಾಕಿ. ಎಡಗೈದು ಹಂಗೇ ಕಚ್ಚಾ ಕೂರಿಸಿ ಕೊಟ್ಬಿಡಿ,” ಅಂದ. ಯಾಕೆ ಎಂದು ಕೇಳಿದೆ. ಯಜಮಾನರಿಗೆ ಎಡಭುಜ ನೋವು, ಬಿಗಿ ಆಗಬಾರದು ಅಂದ. ನಾನು ನಂಬಿದೆ. ಅಳತೆ ತೆಗೆಯುವಾಗ ಆ ಭುಜ ಚೆನ್ನಾಗಿಯೇ ಇತ್ತಲ್ಲ ಎಂದು ನೀನು ಕೇಳಬಹುದು. ನೋವು ಹೊರಗೆ ಕಾಣುವುದಿಲ್ಲ.

ಇನ್ನೊಂದು ವಿಷಯ. ಆ ದಿನ ಸಭೆಯಲ್ಲಿ ನಾನೂ ಇದ್ದೆ, ಮುಂದಿನ ಸಾಲಿನ ಹತ್ತಿರ. ನನ್ನ ಅಂಗಿ ವೇದಿಕೆ ಮೇಲೆ ಹೇಗೆ ಕಾಣುತ್ತದೆ ನೋಡೋಣವೆಂದು ಹೋಗಿದ್ದೆ. ತೋಳು ಕಿತ್ತು ಬಂದಾಗ ಯಜಮಾನರು ಬರಿಗೈ ಎತ್ತಿ, “ಇವತ್ತು ನನ್ನ ಅಂಗಿ ಹರಿದ್ರು, ನಾಳೆ ನಿಮ್ದು ಹರೀತಾರೆ,” ಅಂದರು. ಜನ ಹೋ ಎಂದು ಎದ್ದರು. ನಾನೂ ಎದ್ದೆ, ನಾನೂ ಕೂಗಿದೆ. ಆ ದಾರ ಎಂಥದ್ದು ಎಂದು ಆ ಮೈದಾನದಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ನಾನು. ಆದರೂ ನನ್ನ ಮೈಮೇಲಿನ ಅಂಗಿಯನ್ನೇ ಯಾರೋ ಹರಿದಂತೆ ಸಿಟ್ಟು ಬಂತು, ಅಳು ಬಂತು. ಆ ಸಿಟ್ಟಿನಲ್ಲಿ ಎಂಥ ಸುಖ ಇತ್ತು ಎಂದು ನಿನಗೆ ಹೇಗೆ ಹೇಳಲಿ. ಎಷ್ಟೋ ವರ್ಷದ ಮೇಲೆ ನಾನು ಒಬ್ಬನೇ ಅಲ್ಲ ಅನ್ನಿಸಿತು.

ಅಳಿಯಂದಿರನ್ನು ಜನ ಸುತ್ತುಗಟ್ಟಿದ್ದು ಆಮೇಲೆ. ಅಲ್ಲಿ ಧೂಳು ಬಹಳ ಇತ್ತು, ನನಗೆ ಸರಿಯಾಗಿ ಕಾಣಲಿಲ್ಲ. ಅವರು ‘ಮಾವಾ’ ಎಂದು ಕರೆದರು, ನಾನು ತಿರುಗಿ ಹೊರಟೆ ಎಂದು ನಿನಗೆ ಯಾರಾದರೂ ಹೇಳಿದ್ದರೆ ನಂಬಬೇಡ. ಅಷ್ಟು ಗದ್ದಲದಲ್ಲಿ ಯಾರು ಯಾರನ್ನು ಕರೆದರೋ.

ಈಗ ಪಕ್ಷದ ಹುಡುಗರಿಗೆಲ್ಲ ಅಂಗಿ ಹೊಲಿಯುವ ಕೆಲಸ ನಮಗೆ ಬಂದಿದೆ. ಇದಕ್ಕೂ ಅದಕ್ಕೂ ಗಂಟು ಹಾಕಬೇಡ. ಸೆಕ್ರೆಟರಿ ನನ್ನಿಂದ ಏನನ್ನೂ ಕೇಳಿಲ್ಲ. ಕೋರ್ಟಿನವರು ಬಂದರೆ ಹೊಲಿಗೆ ಗಟ್ಟಿ ಇತ್ತು ಅನ್ನಿ, ಇದ್ದದ್ದನ್ನೇ ಹೇಳೋದಲ್ವಾ ಎಂದು ಟೀ ಕುಡಿಯುತ್ತ ಒಂದು ಮಾತು ಅಂದ, ಅಷ್ಟೇ. ಅವನೇ ಇನ್ನೊಂದು ದಾರಿಯನ್ನೂ ಹೇಳಿದ್ದಾನೆ. ಅಳಿಯಂದಿರು ತಪ್ಪು ಒಪ್ಪಿಕೊಂಡು ಯಜಮಾನರ ಹತ್ತಿರ ವೇದಿಕೆಯ ಮೇಲೆ ಕ್ಷಮೆ ಕೇಳಿದರೆ ಅವರು ತಬ್ಬಿಕೊಂಡು ಕ್ಷಮಿಸುತ್ತಾರಂತೆ, ಫೋಟೋದವರ ಮುಂದೆ. ಮಾಡದ ತಪ್ಪಿಗೆ ಕ್ಷಮೆ ಯಾಕೆ ಕೇಳಬೇಕು ಎಂದು ನೀನು ಉರಿದು ಬೀಳುವುದು ಇಲ್ಲಿಗೇ ಕಾಣುತ್ತಿದೆ. ನಾನು ಜೀವನವಿಡೀ ಮಾಡದ ತಪ್ಪಿಗೆ ಅನುಭವಿಸಿದವನು. ನನ್ನನ್ನು ಯಾರು ತಬ್ಬಿಕೊಂಡರು?

ನಿನ್ನ ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಊಟ ಬಡಿಸುತ್ತಾಳೆ, ಗಿರಾಕಿ ಬಂದರೆ ಮಾತಾಡುತ್ತಾಳೆ, ನಾನು ಏನಾದರೂ ಕೇಳಿದರೆ ಸೂಜಿಗೆ ದಾರ ಪೋಣಿಸಲು ಕೂರುತ್ತಾಳೆ. ಅಷ್ಟೊಂದು ಸೂಜಿಗಳು ನಮ್ಮ ಅಂಗಡಿಯಲ್ಲಿ ಇಲ್ಲ. ನೀನು ಅವಳಿಗೆ ಬೇರೆ ಕಾಗದ ಬರೆಯುತ್ತಿದ್ದೀಯಾ? ನಿಜ ಹೇಳು. ನನ್ನ ಮನೆಯಲ್ಲೇ ನನ್ನ ಬೆನ್ನ ಹಿಂದೆ ಏನೋ ನಡೆಯುತ್ತಿದೆ.

ಮೆಷಿನ್ನಿನ ಸುತ್ತ ದಾರದ ಉರುಳೆಯ ಹಾಗೆ ಗಿರಗಿರ ತಿರುಗುತ್ತಿದ್ದೆಯೆಂದು ನಿನಗೆ ಬಾಬಿನ್ ಎಂದು ಹೆಸರಿಟ್ಟವನು ನಾನು. ನಿನ್ನ ಮದುವೆಗೆ ಅಳಿಯಂದಿರ ಕೋಟು ಹೊಲಿದವನೂ ನಾನೇ, ಅದರ ಒಂದು ಹೊಲಿಗೆಯೂ ಇವತ್ತಿನವರೆಗೆ ಬಿಟ್ಟಿಲ್ಲ. ನಿಮಗೆ ಕೆಟ್ಟದಾಗಲಿ ಎಂದು ನಾನು ಬಯಸುತ್ತೇನಾ? ಆದರೆ ಕೋರ್ಟಿನಲ್ಲಿ ನಿಂತು ನಾನು ಆ ಕಚ್ಚಾ ದಾರದ ಮಾತು ಹೇಳಿದರೆ ಯಜಮಾನರ ಅಂಗಿ ಮಾತ್ರ ಅಲ್ಲ, ಅವರು ನನಗೆ ಹೇಳಿದ ಮಾತೂ ಸುಳ್ಳಾಗುತ್ತದೆ. ಆಗ ನನಗೆ ಆದದ್ದೆಲ್ಲ ಏನು? ಬರೀ ನನ್ನ ಕೈಲಾಗದತನ. ಅಷ್ಟನ್ನು ಈ ವಯಸ್ಸಿನಲ್ಲಿ ಹೊರಲಾರೆ, ಮಗಳೇ. ಸಿಟ್ಟು ಮಾಡಿಕೊಳ್ಳಬೇಡ. ಊಟ ಬಿಡಬೇಡ.

ಎಲ್ಲರೂ ತಪ್ಪು ತಿಳಿದ,
ನೀನಾದರೂ ಹಾಗೆ ತಿಳಿಯಬಾರದೆಂದು ಕಾಯುವ
ನಿನ್ನ ಅಪ್ಪ

ಮರೆತಿದ್ದೆ. ಮರೆತಿರಲಿಲ್ಲ, ಬರೆಯುವುದೋ ಬೇಡವೋ ಎಂದು ನೋಡುತ್ತಿದ್ದೆ. ನಿನ್ನೆ ನಿಮ್ಮ ವಕೀಲರ ಕಡೆಯವರೊಬ್ಬರು ಬಂದು, ಆ ತೋಳು ಕೂರಿಸಿದವರು ಯಾರು, ಅವರು ಸಾಕ್ಷಿಗೆ ಬರಬೇಕು ಅಂದರು. ಅಂಗಡಿಯ ಕೈಹೊಲಿಗೆಯೆಲ್ಲ ಮದುವೆಯಾದಂದಿನಿಂದ ನಿನ್ನ ಅಮ್ಮನದೇ ಅಲ್ಲವೇ? ಆ ತೋಳೂ ಅವಳೇ ಕೂರಿಸಿದ್ದು. ಅವಳ ಹೆಸರು ಹೇಳಿಬಿಟ್ಟೆ. ನಾನು ಜಾರಿಕೊಂಡೆ ಎಂದುಕೊಳ್ಳಬೇಡ. ಕೋರ್ಟು ಎಂದರೆ ಅವಳು ಹೆದರಿಕೊಂಡು ಮನೆಯಲ್ಲೇ ಉಳಿಯುತ್ತಾಳೆ ಎಂದುಕೊಂಡಿದ್ದೆ. ಬೆಳಿಗ್ಗೆ ನೋಡಿದರೆ ಒಳ್ಳೆಯ ಬಟ್ಟೆ ತೆಗೆದು ಇಸ್ತ್ರಿ ಮಾಡಿಕೊಂಡಿದ್ದಾಳೆ, ಬಸ್ಸಿನ ಹೊತ್ತು ಕೇಳಿಕೊಂಡು ಬಂದಿದ್ದಾಳೆ. ಸೆಕ್ರೆಟರಿ ಎಡತೋಳಿನ ಮಾತು ಹೇಳಿದಾಗ ಅವಳೂ ಅಲ್ಲೇ ಕೂತು ಗುಂಡಿ ಹಾಕುತ್ತಿದ್ದಳು. ಅಲ್ಲಿ ಏನು ಹೇಳುತ್ತೀಯ ಎಂದು ಕೇಳಿದೆ. “ಕೇಳಿಸ್ಕೊಂಡಿದ್ದನ್ನ ಹೇಳ್ತೀನಿ,” ಅಂದಳು. ನಾನು ತಡೆಯಲಿಲ್ಲ. ತಡೆಯಲಿಲ್ಲ ಎನ್ನುವುದನ್ನು ಅಳಿಯಂದಿರಿಗೆ ತಿಳಿಸು.